ನೆನಪಿಗೂ ಕರೆಂಟು ಬೇಕು

1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಬಂತು. ಇಂದು ಮಾಲೂರಿನ ಕಾರ್ಖಾನೆಯಿರಲಿ, ಮುಳಬಾಗಿಲಿನ ಸಗಟು ಅಂಗಡಿಯಿರಲಿ, ಶ್ರೀನಿವಾಸಪುರದ ಮಾವಿನ ಮಂಡಿಯಿರಲಿ, ಲೆಕ್ಕಪತ್ರ ಕಾಯುವ ಸರ್ವರ್ ಕಂಪ್ಯೂಟರಿಗೆ ಹಗಲಿರುಳೂ ಕರೆಂಟು ಬೇಕು. ಕರೆಂಟು ಹೋದರೆ ಯುಪಿಎಸ್ ಬ್ಯಾಟರಿಯೇ ಗತಿ. ಅದೂ ಮುಗಿದರೆ ಉಳಿಸದೆ ಬಿಟ್ಟ ಲೆಕ್ಕವೂ ಹೋಯಿತು.

ಸರ್ವರಿನ ಮೆಮೊರಿ, ಅಂದರೆ ರ್‍ಯಾಮ್, ಕೂಡ ಈ ಕರೆಂಟಿನಲ್ಲಿ ಪಾಲು ಕೇಳುತ್ತದೆ. ಅದರೊಳಗಿನ ವಿದ್ಯುದಂಶ ಸೋರುತ್ತಲೇ ಇರುವುದರಿಂದ ಡಿಡಿಆರ್4 ರ್‍ಯಾಮ್‌ನಲ್ಲಿ 64 ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ಮತ್ತೆ ತುಂಬಬೇಕು. ಚಿಪ್‌ನ ಬಿಸಿ 85 ಡಿಗ್ರಿ ದಾಟಿದರೆ ಇದೇ ಕೆಲಸ ಎರಡು ಪಟ್ಟು ಬೇಗ ನಡೆಯಬೇಕು. ಆದ್ದರಿಂದ ಸರ್ವರನ್ನು ಗಾಳಿಯಾಡದ ಮೂಲೆಗೆ ತಳ್ಳಬೇಡಿ.

ಹಾಗೆಂದು ರ್‍ಯಾಮ್ ಕಡಿಮೆ ಮಾಡುವುದು ಜಾಣತನವಲ್ಲ. ರ್‍ಯಾಮ್ ಸಾಲದಿದ್ದರೆ ಸರ್ವರ್ ಹಾರ್ಡ್ ಡಿಸ್ಕಿನ ಮೊರೆ ಹೋಗುತ್ತದೆ. ಅದು ಸಾವಿರಾರು ಪಟ್ಟು ನಿಧಾನ. ಮಾವಿನ ಕಾಲದಲ್ಲಿ ಬಿಲ್ಲು ತಡವಾಗಲು ಇದೂ ಕಾರಣವಿರಬಹುದು. ಮೊದಲು ಅದನ್ನು ಪರೀಕ್ಷಿಸಿರಿ. ಕೆಲವು ಡೇಟಾಬೇಸ್ ತಂತ್ರಾಂಶಗಳು ಸಿಕ್ಕ ರ್‍ಯಾಮನ್ನೆಲ್ಲ ತಾವೇ ಹಿಡಿದುಕೊಳ್ಳುತ್ತವೆ. ಅವುಗಳಿಗೆ ಮಿತಿ ಹಾಕಿ, ಆಪರೇಟಿಂಗ್ ಸಿಸ್ಟಮ್‌ಗೆ ಸ್ವಲ್ಪ ಉಳಿಸಬೇಕು.

ರ್‍ಯಾಮ್ ಕೊಳ್ಳುವಾಗ ಒಂದೇ ವೇಗದ ಜೋಡಿ ತೆಗೆದುಕೊಳ್ಳಿ. ಬೇರೆ ಬೇರೆ ವೇಗದವನ್ನು ಬೆರೆಸಿದರೆ ಎಲ್ಲವೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಡಿಡಿಆರ್3ಕ್ಕೆ 1.5 ವೋಲ್ಟ್ ಬೇಕಾದರೆ ಡಿಡಿಆರ್4ಕ್ಕೆ 1.2 ಸಾಕು. ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ವೋಲ್ಟೇಜನ್ನು ನೀವಾಗಿ ಬದಲಾಯಿಸಲು ಹೋಗಬೇಡಿ.

ಇನ್ನು ಬಯೋಸ್‌ನಲ್ಲಿರುವ ಆಯ್ಕೆ. 'ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್' ಇಟ್ಟರೆ ಯಂತ್ರ ಸದಾ ಸಿದ್ಧವಾಗಿ ನಿಂತಿರುತ್ತದೆ. 'ಬ್ಯಾಲೆನ್ಸ್ಡ್' ಇಟ್ಟರೆ ಕೆಲಸವಿಲ್ಲದಾಗ ವಿಶ್ರಮಿಸುತ್ತದೆ. ಎಚ್ಚರಗೊಳ್ಳಲು ಅದು ತೆಗೆದುಕೊಳ್ಳುವ ಕ್ಷಣ ಬಿಲ್ಲು ಬರೆಯುವವರಿಗೆ ತಿಳಿಯುವುದೇ ಇಲ್ಲ. ಸಾಮಾನ್ಯ ಕಚೇರಿಗೆ ಇದೇ ಸಾಕು. ಸುಗ್ಗಿಯಲ್ಲಿ ನಿಜಕ್ಕೂ ತಡವೆನಿಸಿದರೆ ಮಾತ್ರ ಬದಲಿಸಿ, ಸುಗ್ಗಿ ಮುಗಿದ ಮೇಲೆ ಮರಳಿಸಿರಿ.

ಬದಲಾವಣೆಗೆ ಮೊದಲು ಮತ್ತು ನಂತರ ಮೀಟರ್ ಹಾಕಿ ಅಳೆಯಿರಿ. ಹಗಲಿರುಳು ಓಡುವ ಯಂತ್ರದಲ್ಲಿ 10 ವ್ಯಾಟ್ ಉಳಿದರೂ ವರ್ಷಕ್ಕೆ ಸುಮಾರು 87 ಯೂನಿಟ್ ಉಳಿಯುತ್ತದೆ. ಕರೆಂಟು ಹೋದಾಗ ಬ್ಯಾಟರಿಯೂ ಅಷ್ಟು ಹೆಚ್ಚು ಹೊತ್ತು ಬರುತ್ತದೆ. ಲೆಕ್ಕ ಉಳಿಸಿ, ಸರ್ವರನ್ನು ಕ್ರಮವಾಗಿ ಮುಚ್ಚಲು ಆ ಕೆಲವು ನಿಮಿಷಗಳೇ ಬೇಕಾಗುವುದು.