12 ವೋಲ್ಟ್ ಅಂತ ಸಸಾರ ಬೇಡ

'ಬರೀ 12 ವೋಲ್ಟ್ ಅಲ್ವಾಣ್ಣ, ಯಾವ ವೈರಾದ್ರೇನು?' ತಾಳವಾಡಿಯಲ್ಲಿ ಬ್ಯಾಟರಿ ಸ್ಪ್ರೇಯರ್ ರಿಪೇರಿ ಮಾಡಿಕೊಂಡಿರುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮುಟ್ಟಿದರೆ ಷಾಕ್ ಹೊಡೆಯುವುದಿಲ್ಲ, ಒಪ್ಪಿದೆ. ಆದರೆ ಷಾಕ್ ಹೊಡೆಯದ ವೈರಿಗೂ ಬೆಂಕಿ ಹತ್ತುತ್ತದೆ.

ಕೋಸು, ಟೊಮೆಟೊ, ಆಲೂಗಡ್ಡೆ ಬೆಳೆಯುವ ನಮ್ಮ ಕಡೆ ಹಳೇ ಸ್ಪ್ರೇಯರನ್ನು ಸುಮ್ಮನೆ ಯಾರೂ ಬಿಸಾಡುವುದಿಲ್ಲ. ಡಬ್ಬ ಒಡೆದರೂ ಒಳಗಿನ ಪುಟ್ಟ ಮೋಟರ್ ಪಂಪು ಗಟ್ಟಿಯಾಗೇ ಇರುತ್ತದೆ. ಅದನ್ನು ಬಿಚ್ಚಿ ಹಿತ್ತಲಿನ ಡ್ರಮ್ಮಿಗೆ ಜೋಡಿಸಿ ಗಿಡಕ್ಕೆ ನೀರು ಬಿಡುತ್ತಾರೆ. ಹುಡುಗರು ಶಾಲೆಯ ವಿಜ್ಞಾನ ಮೇಳಕ್ಕೆ ಒಯ್ಯುತ್ತಾರೆ. ಒಳ್ಳೆಯದೇ. ಎಡವಟ್ಟಾಗುವುದು ವೈರಿನಲ್ಲಿ. ಮೂಲೆಯಲ್ಲಿ ಬಿದ್ದ ಕಾಲಿಂಗ್ ಬೆಲ್ ವೈರೋ ಸೀರಿಯಲ್ ಸೆಟ್ಟಿನ ವೈರೋ ಕೈಗೆ ಸಿಕ್ಕಿದ್ದನ್ನು ಕಟ್ಟಿಬಿಡುತ್ತಾರೆ.

ಮನೆಯ 230 ವೋಲ್ಟ್ ಲೈನಿನಲ್ಲಿ 60 ವ್ಯಾಟ್ ಕೆಲಸಕ್ಕೆ ಕಾಲು ಆಂಪಿಯರ್ ಸಾಕು. ಅದೇ ಕೆಲಸವನ್ನು 12 ವೋಲ್ಟ್ ಬ್ಯಾಟರಿಯಿಂದ ತೆಗೆಯಲು 5 ಆಂಪಿಯರ್ ಹರಿಯಬೇಕು. ವೈರು ಬಿಸಿಯಾಗುವುದು ಆಂಪಿಯರಿನಿಂದ. ಹಾಗಾಗಿ ವೋಲ್ಟ್ ಕಡಿಮೆಯಾದಷ್ಟೂ ವೈರು ದಪ್ಪ ಬೇಕು. ಜನ ಇದನ್ನು ತಿರುಗುಮುರುಗು ಮಾಡಿಕೊಂಡಿದ್ದಾರೆ.

ದೂರವೂ ಲೆಕ್ಕಕ್ಕೆ ಬರುತ್ತದೆ. ಬ್ಯಾಟರಿಯಿಂದ ಡ್ರಮ್ಮಿಗೆ 10 ಮೀಟರ್ ಎಂದರೆ ಹೋಗಿ ಬರುವ ದಾರಿ 20 ಮೀಟರ್. ಅರ್ಧ ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ 5 ಆಂಪಿಯರ್ ಹರಿದರೆ ಸುಮಾರು 4 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಉಳಿದ 8 ವೋಲ್ಟಿನಲ್ಲಿ ಮೋಟರ್ ನರಳುತ್ತದೆ, 'ಮೋಟರ್ ಹೋಗಿದೆ' ಎಂದು ನನ್ನ ಅಂಗಡಿಗೆ ಬರುತ್ತದೆ. ಎರಡೂವರೆ ಸ್ಕ್ವೇರ್ ಹಾಕಿದರೆ ನಷ್ಟ 1 ವೋಲ್ಟಿಗಿಂತ ಕಡಿಮೆ. ಬ್ಯಾಟರಿಯನ್ನೇ ಮೋಟರ್ ಪಕ್ಕ ತಂದಿಟ್ಟರೆ ಖರ್ಚೇ ಇಲ್ಲ. ಇದನ್ನು ಹೇಳಿದರೆ ಮಾತ್ರ ಯಾರಿಗೂ ರುಚಿಸುವುದಿಲ್ಲ!

ಒಳ್ಳೆ ವೈರಿಗೆ ಚಾಮರಾಜನಗರಕ್ಕೆ ಹೋಗಬೇಕು, ಇಲ್ಲವೇ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ. ಅಷ್ಟು ದೂರ ಹೋದವರು ವೈರಿನ ಮೈಮೇಲೆ ಐಎಸ್ 694 ಎಂಬ ಗುಣಮಟ್ಟದ ಗುರುತೂ ಎಷ್ಟು ಸ್ಕ್ವೇರ್ ಎಂಬುದೂ ಅಚ್ಚಾಗಿದೆಯೇ ನೋಡಿ ತನ್ನಿ. ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ಅದು ಅಲ್ಯೂಮಿನಿಯಂ ಮೇಲೆ ಬಳಿದ ತಾಮ್ರ. ಅಲ್ಲೇ ಬಿಟ್ಟು ಬನ್ನಿ. ಮೋಟರ್ ಅದುರುವುದರಿಂದ ಒಂಟಿ ತಂತಿಯದು ಮುರಿಯುತ್ತದೆ, ಹಲವು ಎಳೆಯದೇ ಬೇಕು.

ಎಲ್ಲಕ್ಕಿಂತ ಮುಖ್ಯ ಫ್ಯೂಸು. ಪಂಪಿಗೆ ಮರಳು ಸಿಕ್ಕಿ ಮೋಟರ್ ನಿಂತರೆ ಕರೆಂಟು ಹಲವು ಪಟ್ಟು ಏರುತ್ತದೆ. ಇಲಿ ಕಡಿದು ಎರಡು ತಂತಿ ಕೂಡಿದರಂತೂ ಆ ಚಿಕ್ಕ ಬ್ಯಾಟರಿಯೇ ಹತ್ತಾರು ಆಂಪಿಯರ್ ಕಕ್ಕುತ್ತದೆ. ಬೈಕಿನ ಬ್ಲೇಡ್ ಫ್ಯೂಸೇ ಸಾಕು. 5 ಆಂಪಿಯರ್ ಮೋಟರಿಗೆ ಏಳೂವರೆಯದು, ಬ್ಯಾಟರಿಯ ಪ್ಲಸ್ಸಿನಿಂದ ಗೇಣುದ್ದದೊಳಗೆ. ಮೋಟರ್ ಹತ್ತಿರ ಹಾಕಿದರೆ ನಡುವಿನ ವೈರಿಗೆ ಕಾವಲಿಲ್ಲ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವ ಜಾಣರಿಗೆ ಏನು ಹೇಳುವುದೋ ನನಗೆ ಗೊತ್ತಿಲ್ಲ.

ಸೋಲಾರ್ ಬೇಲಿಯ ಬ್ಯಾಟರಿಗೇ ಮೋಟರ್ ಸಿಕ್ಕಿಸುವವರೂ ಇದ್ದಾರೆ. ಹುಲಿ ಮೀಸಲು ಕಾಡಿನ ಅಂಚಿನವರು ನಾವು. ಹಗಲೆಲ್ಲ ಮೋಟರ್ ಓಡಿಸಿ ಬ್ಯಾಟರಿ ಇಳಿಸಿದರೆ, ರಾತ್ರಿ ಆನೆ ಬರುವ ಹೊತ್ತಿಗೆ ಬೇಲಿಯಲ್ಲಿ ಜೀವ ಇರುವುದಿಲ್ಲ. ಬೇಲಿ ತಂತಿಯಲ್ಲಿ ಬಿಟ್ಟು ಬಿಟ್ಟು ಸಾವಿರಾರು ವೋಲ್ಟ್ ಮಿಡಿಯುತ್ತದೆ, ಮೋಟರ್ ವೈರು ಅದರ ಬಳಿ ಸುಳಿಯಲೂ ಬಾರದು. ಬೇಲಿಗೆ ಮನೆಯ ಕರೆಂಟನ್ನೇ ನೇರವಾಗಿ ಕೊಡುವುದು ಅಪರಾಧ. ಅದರಿಂದ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ.

ಫ್ಯೂಸ್ ಇಲ್ಲದೆ ಜೋಡಿಸಿದ ಮೋಟರನ್ನು ನಾನೀಗ ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಮೊದಲು ಫ್ಯೂಸ್ ಹಾಕಿಸಿಕೊಳ್ಳಿ, ಆಮೇಲೆ ಮೋಟರ್ ನೋಡೋಣ.