ಗೃಹಲಕ್ಷ್ಮಿಗೂ ಒಂದು ತಾರೀಖು ಬೇಕು

ಗ್ಯಾರಂಟಿ ಯೋಜನೆಗಳ ಕುರಿತು 2023ರಿಂದ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವ ಚರ್ಚೆ ಬಹುಮಟ್ಟಿಗೆ ಮೊತ್ತದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಬೊಕ್ಕಸ ಬರಿದಾಗುತ್ತಿದೆ ಎಂಬುದು ಒಂದು ಪಕ್ಷದ ವಾದ. ಬಡವರ ಕೈಗೆ ಹಣ ತಲುಪಿದೆ ಎಂಬುದು ಮತ್ತೊಂದು ಪಕ್ಷದ ಸಮರ್ಥನೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ದುಡಿದು ತಿನ್ನುವ ಕುಟುಂಬವೊಂದರ ತಿಂಗಳ ಲೆಕ್ಕದಲ್ಲಿ ಎಷ್ಟು ಬಂತು ಎಂಬುದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಯಾವಾಗ ಬಂತು? ಈ ಪ್ರಶ್ನೆಯನ್ನು ಎರಡೂ ಪಕ್ಷಗಳು ಬದಿಗೆ ಸರಿಸಿವೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಅದರಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿ ಹಾಗೂ ನೆರೆಯ ಹುಕ್ಕೇರಿಯನ್ನು ಉದಾಹರಣೆಯಾಗಿ ನೋಡೋಣ. ಹಿಡಕಲ್ ಜಲಾಶಯದ ನೀರು ಹರಿದಲ್ಲೆಲ್ಲ ಇಲ್ಲಿ ಕಬ್ಬು ಬೆಳೆದಿದೆ. ಹೀಗಾಗಿ ಇದನ್ನು ಸಮೃದ್ಧ ಪ್ರದೇಶವೆಂದು ಕರೆಯುವುದು ವಾಡಿಕೆ. ಆದರೆ ಕಬ್ಬಿನ ಸೀಮೆಯಲ್ಲಿ ಕಬ್ಬಿನ ಒಡೆಯರಷ್ಟೇ ವಾಸಿಸುವುದಿಲ್ಲ. ಕಳೆ ತೆಗೆಯುವ, ಕಬ್ಬು ಕಡಿಯುವ, ಗಾಡಿಗೆ ಹೇರುವ ಭೂರಹಿತ ಕುಟುಂಬಗಳೂ ಇವೆ. ಅವರ ದುಡಿಮೆ ಹಂಗಾಮಿನದು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಕೈತುಂಬ ಕೆಲಸ. ಹಂಗಾಮು ಮುಗಿದು ಬೇಸಿಗೆ ಕಾಲಿಟ್ಟರೆ ಕೂಲಿ ಕುಗ್ಗುತ್ತದೆ. ಅಂಗಡಿಯ ಉದ್ರಿ ಏರುವ ಕಾಲವೂ ಅದೇ.

ಈ ಪ್ರದೇಶದ ಆರ್ಥಿಕ ಜೀವನದಲ್ಲಿ ಹಣ ಸಂದಾಯಕ್ಕೆ ತಾರೀಖು ಗೊತ್ತುಪಡಿಸುವ ಪದ್ಧತಿ ಹೊಸದೇನಲ್ಲ. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 19ನೇ ಶತಮಾನದ್ದು. ಇಂಥ ಗಿರಣಿಗಳ ಕಾರ್ಮಿಕರಿಗೆ ಪಗಾರ ಇಂತಿಷ್ಟು ದಿನದೊಳಗೆ ಸಲ್ಲಬೇಕೆಂದು 1936ರ ವೇತನ ಪಾವತಿ ಕಾಯ್ದೆ ಕಟ್ಟಳೆ ಮಾಡಿತು. ಅದರ ಸ್ಥಾನಕ್ಕೆ ಬಂದಿರುವ ವೇತನ ಸಂಹಿತೆಯೂ ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು ಎನ್ನುತ್ತದೆ. ಕಬ್ಬು ಪೂರೈಸಿದ ರೈತನಿಗೆ 14 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ವಾರ್ಷಿಕ ಶೇ 15ರ ಬಡ್ಡಿ ಕೊಡಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದ ವಿಧಿ. 2005ರ ಉದ್ಯೋಗ ಖಾತರಿ ಕಾಯ್ದೆ ಕೂಲಿ ಪಾವತಿಗೆ 15 ದಿನಗಳ ಗಡುವನ್ನೂ, ವಿಳಂಬಕ್ಕೆ ಪರಿಹಾರವನ್ನೂ ವಿಧಿಸಿತ್ತು. ಇವೆಲ್ಲ ಚಾಚೂ ತಪ್ಪದೆ ಪಾಲನೆಯಾದವು ಎಂದು ನಾನು ಹೇಳಲಾರೆ. ಕಬ್ಬಿನ ಬಾಕಿಯ ಕಥೆ ಈ ಭಾಗದ ಪ್ರತಿ ರೈತನಿಗೂ ಗೊತ್ತು. ಆದರೂ ಕಾನೂನಿನಲ್ಲಿ ತಾರೀಖು ಇದ್ದುದರಿಂದಲೇ ಅದನ್ನು ಬಾಕಿ ಎಂದು ಕರೆಯುವುದು ಸಾಧ್ಯವಾಯಿತು, ಬಡ್ಡಿ ಕೇಳುವ ಹಕ್ಕೂ ಹುಟ್ಟಿತು.

ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗೆ ಇಂಥ ತಾರೀಖಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಈ ಯೋಜನೆಗೆ 2025-26ರ ಬಜೆಟ್ಟಿನಲ್ಲಿ ₹28,608 ಕೋಟಿ ಮೀಸಲಿಡಲಾಗಿತ್ತು. ಅಂದರೆ ತಿಂಗಳಿಗೆ ಸುಮಾರು ₹2,384 ಕೋಟಿ. ಇಷ್ಟು ದೊಡ್ಡ ಮೊತ್ತವನ್ನು ನಡುವೆ ಯಾರ ಕೈಯೂ ತಾಗದಂತೆ ಮನೆಯೊಡತಿಯ ಖಾತೆಗೇ ತಲುಪಿಸುವ ವ್ಯವಸ್ಥೆ ರೂಪುಗೊಂಡಿದ್ದು ಸಾಧನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ 2025ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದ ಅಧಿವೇಶನದಲ್ಲಿ ಬೇರೊಂದು ಸಂಗತಿ ಹೊರಬಿತ್ತು. ಅದೇ ವರ್ಷದ ಫೆಬ್ರುವರಿ ಮತ್ತು ಮಾರ್ಚ್ ತಿಂಗಳ ಕಂತುಗಳು ಅಲ್ಲಿಯವರೆಗೂ ಜಮೆಯಾಗಿರಲಿಲ್ಲ. ಆಗಸ್ಟ್‌ವರೆಗಿನ ಹಣ ಪಾವತಿಯಾಗಿದೆ ಎಂದಿದ್ದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಲಕ್ಷ್ಮಿ ಹೆಬ್ಬಾಳಕರ ಅವರು ಸದನದಲ್ಲಿ ವಿಷಾದ ವ್ಯಕ್ತಪಡಿಸಬೇಕಾಯಿತು.

ಸದನದಲ್ಲಿ ಇದು ಹಕ್ಕುಚ್ಯುತಿಯ ಮಾತಾಯಿತು, ಪತ್ರಿಕೆಗಳಲ್ಲಿ ರಾಜಕೀಯ ಸುದ್ದಿಯಾಯಿತು. ಮನೆಯ ಖರ್ಚಿನಲ್ಲಿ ಅದು ಏನಾಯಿತು ಎಂಬುದನ್ನು ಲೆಕ್ಕ ಹಾಕೋಣ. ಐದು ಜನರ ಒಂದು ಕೂಲಿ ಕುಟುಂಬವನ್ನು ಕಲ್ಪಿಸಿಕೊಳ್ಳಿ. ಗಂಡನಿಗೆ ದಿನಕ್ಕೆ ₹400ರಂತೆ 15 ದಿನ, ಹೆಂಡತಿಗೆ ₹250ರಂತೆ 12 ದಿನ ಕೆಲಸ ಸಿಕ್ಕಿತೆಂದರೆ ತಿಂಗಳ ಆದಾಯ ₹9,000. ಇದಕ್ಕೆ ಗೃಹಲಕ್ಷ್ಮಿಯ ₹2,000 ಸೇರಿದರೆ ದುಡಿಮೆಯ ಮೇಲೆ ಐದರಲ್ಲೊಂದು ಪಾಲಿಗಿಂತ ಹೆಚ್ಚು. ಎರಡು ಕಂತು ತಪ್ಪಿ ಆ ₹4,000ವನ್ನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ ಸಾಲ ತಂದರೆ, ಮಾರ್ಚ್‌ನಿಂದ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳಿಗೆ ಬಡ್ಡಿಯೇ ₹1,080. ಎಂದರೆ ಬಾಕಿ ಹಣ ಒಂದು ದಿನ ಪೂರ್ತಿಯಾಗಿ ಬಂದರೂ ಅರ್ಧ ಕಂತಿಗಿಂತ ಹೆಚ್ಚು ಸಾಹುಕಾರನ ಪಾಲು. ಕುಟುಂಬ ಕಾಲ್ಪನಿಕವಿರಬಹುದು, ಲೆಕ್ಕವಲ್ಲ.

ಆ ಫೆಬ್ರುವರಿಯಲ್ಲೇ ಇನ್ನೊಂದು ಬದಲಾವಣೆಯೂ ಆಯಿತು. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೊ ಅಕ್ಕಿಯ ಬದಲಿಗೆ 2023ರ ಜುಲೈನಿಂದ ತಲಾ ₹170 ನಗದು ನೀಡಲಾಗುತ್ತಿತ್ತು. 2025ರ ಫೆಬ್ರುವರಿಯಿಂದ ಅನ್ವಯವಾಗುವಂತೆ ನಗದು ನಿಂತು ಅಕ್ಕಿಯೇ ಬಂತು. ನಮ್ಮ ಮಾದರಿ ಕುಟುಂಬಕ್ಕೆ ಇದು ತಿಂಗಳಿಗೆ ₹850 ನಗದಿನ ಕೊರತೆ. ಗೃಹಲಕ್ಷ್ಮಿಯ ಕಂತನ್ನೂ ಸೇರಿಸಿದರೆ ಒಂದೇ ತಿಂಗಳಲ್ಲಿ ₹2,850ರಷ್ಟು ನಿರೀಕ್ಷಿತ ನಗದು ಕೈತಪ್ಪಿತು. ಅಕ್ಕಿಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಆದರೆ ಜೋಳದ ರೊಟ್ಟಿ ಉಣ್ಣುವ ನಾಡಿನಲ್ಲಿ ಅಕ್ಕಿ ಎಲ್ಲ ಖರ್ಚನ್ನೂ ತೂಗಿಸಲಾರದು. ಅದನ್ನು ಅಳೆದು ಕೊಟ್ಟು ಔಷಧ ತರಲಾಗದು, ಸಂಘದ ಸಾಲದ ಕಂತು ಕಟ್ಟಲಾಗದು. ಪಡಿತರ ಮಾರುವುದಂತೂ ಅಪರಾಧ. ಮುಂದೆ 2025ರ ಅಕ್ಟೋಬರ್‌ನಲ್ಲಿ ಆ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ 'ಇಂದಿರಾ ಕಿಟ್' ಕೊಡಲು ಸಚಿವ ಸಂಪುಟ ತೀರ್ಮಾನಿಸಿತು. ಪೌಷ್ಟಿಕತೆಯ ದೃಷ್ಟಿಯಿಂದ ಇದು ಒಳ್ಳೆಯ ಆಲೋಚನೆಯೇ. ಆದರೆ ಎರಡೂವರೆ ವರ್ಷಗಳೊಳಗೆ ನಗದು, ಅಕ್ಕಿ, ಕಿಟ್ ಎಂದು ಮೂರು ಬಗೆಯ ತೀರ್ಮಾನಗಳಾದರೆ ಸಂತೆಗೆ ಹೊರಟ ಗೃಹಿಣಿ ಯಾವುದನ್ನು ನಂಬಿ ಚೀಟಿ ಬರೆಯಬೇಕು?

ಸಂಘದ ಸಾಲದ ಪ್ರಸ್ತಾಪ ಇಲ್ಲಿ ಅನಿವಾರ್ಯ. ಕಿರುಸಾಲ ಸಂಸ್ಥೆಗಳ ಕಂತಿಗೆ ವಾರವೂ ಗೊತ್ತು, ವೇಳೆಯೂ ಗೊತ್ತು. ವಸೂಲಿಯ ಕಿರುಕುಳ ಮಿತಿಮೀರಿದ ದೂರುಗಳು ರಾಜ್ಯದಾದ್ಯಂತ ಕೇಳಿಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಬಲವಂತದ ವಸೂಲಿಗೆ ಕಡಿವಾಣ ಹಾಕಿತು. ಆ ಕ್ರಮ ಸ್ವಾಗತಾರ್ಹ. ಆದರೆ ಸಾಲ ಕೊಟ್ಟವನು ನಿಗದಿತ ದಿನ ಬಾಗಿಲಿಗೆ ಬರುವಾಗ, ನೆರವು ಕೊಡುವ ಸರ್ಕಾರ ತನಗೆ ಅನುಕೂಲವಾದ ದಿನ ಬಂದರೆ ಬಡವರು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡದೆ ಗತ್ಯಂತರವಿಲ್ಲ. ಭಾರತ, ಬಾಂಗ್ಲಾದೇಶ ಮತ್ತು ದಕ್ಷಿಣ ಆಫ್ರಿಕಾದ ಬಡ ಕುಟುಂಬಗಳ ದಿನಚರಿ ಲೆಕ್ಕಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ 'ಪೋರ್ಟ್‌ಫೋಲಿಯೋಸ್ ಆಫ್ ದ ಪೂರ್' ಗ್ರಂಥ ಮುಂದಿಟ್ಟ ವಾದವೂ ಇದೇ ಬಗೆಯದು: ಬಡವರ ಆದಾಯ ಕಡಿಮೆಯಷ್ಟೇ ಅಲ್ಲ, ಅನಿಯತವೂ ಹೌದು, ಅವರ ಬಹುಪಾಲು ಸಾಲ ಆ ಏರಿಳಿತವನ್ನು ಸರಿದೂಗಿಸಲೆಂದೇ ಹುಟ್ಟುತ್ತದೆ. ಅನಿಯತ ಆದಾಯಕ್ಕೆ ಅನಿಯತ ನೆರವನ್ನು ಸೇರಿಸಿದರೆ ಕಾಯಿಲೆಗೆ ಕಾಯಿಲೆಯನ್ನೇ ಮದ್ದಾಗಿ ಕೊಟ್ಟಂತೆ.

ಹಾಗಾದರೆ ವಿಳಂಬದ ಹೊರೆ ಎಲ್ಲ ಗ್ಯಾರಂಟಿಗಳಲ್ಲೂ ಮನೆಯ ಮೇಲೇ ಬೀಳುತ್ತದೆಯೇ? ಇಲ್ಲ. ಗೋಕಾಕದಿಂದ ಹುಕ್ಕೇರಿಗೆ ಶಕ್ತಿ ಯೋಜನೆಯಡಿ ಪಯಣಿಸುವ ಮಹಿಳೆಗೆ, ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ಕೊಟ್ಟಿದೆಯೋ ಇಲ್ಲವೋ, ಟಿಕೆಟ್ ಅಂದೇ ಉಚಿತ. ಗೃಹಜ್ಯೋತಿಯ ಬಿಲ್ಲೂ ಹಾಗೆಯೇ. ಬಾಕಿ ಉಳಿದರೆ ಅದು ವಿದ್ಯುತ್ ಸರಬರಾಜು ಮಾಡುವ ಕಂಪನಿಯ ಅಥವಾ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಲೆಕ್ಕಕ್ಕೆ. ಈ ಸಂಸ್ಥೆಗಳಿಗೆ ಕಚೇರಿಯಿದೆ, ಲೆಕ್ಕಾಧಿಕಾರಿಯಿದ್ದಾನೆ, ಪತ್ರ ಬರೆದು ಹಣ ಕೇಳುವ ದಾರಿಯಿದೆ. ನಗದು ಯೋಜನೆಯಲ್ಲಿ ಮಾತ್ರ ಬಾಕಿಯ ಹೊರೆ ನೇರವಾಗಿ ಅತ್ಯಂತ ದುರ್ಬಲ ಹೆಗಲಿಗೆ ಏರುತ್ತದೆ. ಸರ್ಕಾರಕ್ಕೆ ಮಾರುಕಟ್ಟೆಯಲ್ಲಿ ವರ್ಷಕ್ಕೆ ಶೇ 7ರ ಆಸುಪಾಸಿನಲ್ಲಿ ಸಾಲ ಸಿಗುತ್ತದೆ. ಆ ಕೂಲಿ ಕುಟುಂಬ ತೆರುವುದು ಶೇ 36. ಅಗ್ಗದ ಸಾಲ ಪಡೆಯಬಲ್ಲವರು ದುಬಾರಿ ಸಾಲಗಾರರ ಹೆಗಲಿಗೆ ತಮ್ಮ ಕೊರತೆಯನ್ನು ವರ್ಗಾಯಿಸುವುದು ಆರ್ಥಿಕ ಶಿಸ್ತಲ್ಲ.

ಫೆಬ್ರುವರಿ-ಮಾರ್ಚ್ ಎಂದರೆ ಆರ್ಥಿಕ ವರ್ಷದ ಕೊನೆ. ಬಿಲ್ಲುಗಳನ್ನು ತಡೆಹಿಡಿದು ಲೆಕ್ಕ ಸರಿದೂಗಿಸುವ ಒತ್ತಡ ಆಗ ಎಷ್ಟಿರುತ್ತದೆಂಬುದನ್ನು ಸೇವೆಯಲ್ಲಿದ್ದಾಗ ನಾನು ಕಂಡಿದ್ದೇನೆ. ಅಂಥ ಹೊತ್ತಿನಲ್ಲೂ ನೌಕರರ ವೇತನ, ನಿವೃತ್ತರ ಪಿಂಚಣಿ ನಿಲ್ಲುವುದಿಲ್ಲ; ನನ್ನ ಪಿಂಚಣಿ ಒಂದು ತಿಂಗಳೂ ತಪ್ಪಿಲ್ಲ. ಈ ಒತ್ತಡ ಇನ್ನೂ ಹೆಚ್ಚಲಿದೆ. ಉದ್ಯೋಗ ಖಾತರಿಯ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ 125 ದಿನಗಳ ಕೆಲಸದ ಭರವಸೆ ನೀಡಿದೆಯಾದರೂ, ವೆಚ್ಚದ ಶೇ 40ನ್ನು ನಮ್ಮಂಥ ರಾಜ್ಯಗಳು ಭರಿಸಬೇಕೆಂದಿದೆ. ಕೃಷಿ ಕೆಲಸದ ಬಿರುಸಿನ ಕಾಲದಲ್ಲಿ 60 ದಿನಗಳವರೆಗೆ ಕಾಮಗಾರಿ ನಿಲ್ಲಿಸಲೂ ಅವಕಾಶವಿತ್ತಿದೆ.

ಆದ್ದರಿಂದ ಮಾಡಬೇಕಾದ ಕೆಲಸ ಸರಳ. ಗೃಹಲಕ್ಷ್ಮಿಗೆ ಪ್ರತಿ ತಿಂಗಳ 10ನೇ ತಾರೀಖನ್ನು ಗೊತ್ತುಪಡಿಸಬೇಕು ಮತ್ತು ವೇತನ, ಪಿಂಚಣಿಗಳಂತೆ ಅದಕ್ಕೂ ಖಜಾನೆಯಲ್ಲಿ ಮೊದಲ ಆದ್ಯತೆ ನೀಡಬೇಕು. ತಡವಾದರೆ ಪರಿಹಾರ ಸಲ್ಲಬೇಕು. ಅದಕ್ಕೆ ಹೊಸ ಕಾನೂನು ಹುಡುಕಬೇಕಿಲ್ಲ: 2011ರ ಸಕಾಲ ಕಾಯ್ದೆಯಲ್ಲಿ ವಿಳಂಬಕ್ಕೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರದ ಅವಕಾಶ ಮೊದಲಿಂದಲೂ ಇದೆ. ಜಾತಿ ಪ್ರಮಾಣಪತ್ರಕ್ಕೆ ಸಲ್ಲುವ ಖಾತರಿ ಮನೆಯೊಡತಿಯ ಹಣಕ್ಕೂ ಸಲ್ಲಲಿ. ಅಕ್ಕಿಯೋ ನಗದೋ ಕಿಟ್ಟೋ ಎಂಬ ಬದಲಾವಣೆಯನ್ನು ಆರ್ಥಿಕ ವರ್ಷದ ಆರಂಭಕ್ಕಷ್ಟೇ ಸೀಮಿತಗೊಳಿಸಿ, ಮುಂಚಿತವಾಗಿ ನ್ಯಾಯಬೆಲೆ ಅಂಗಡಿಯ ಫಲಕದಲ್ಲಿ ಬರೆಸಲಿ.

ಇಷ್ಟಕ್ಕೂ ಬೊಕ್ಕಸ ತಾಳದು ಎನ್ನುವುದಾದರೆ ಅದನ್ನು ಶಾಸನಸಭೆಯಲ್ಲಿ ಬಾಯಿಬಿಟ್ಟು ಹೇಳಿ ಮೊತ್ತವನ್ನು ಇಳಿಸಲಿ. ತಾರೀಖು ತಪ್ಪದ ₹1,500, ಬಂದರೆ ಬಂತು ಎನ್ನುವಂಥ ₹2,000ಕ್ಕಿಂತ ಆ ಮನೆಗೆ ಹೆಚ್ಚು ಉಪಕಾರಿ ಎಂಬುದು ನನ್ನ ದೃಢ ಅಭಿಪ್ರಾಯ. ತಿಂಗಳ ಮೊದಲ ದಿನ ಸಂಬಳ ಎಣಿಸುವ ನಾವು, ಅದು ಒಂದು ವಾರ ತಡವಾದರೆ ಸಹಿಸೆವು. ಹಿಡಕಲ್ಲಿನ ಕಾಲುವೆಯಂಚಿನ ಹಳ್ಳಿಯ ಕೂಲಿ ಹೆಣ್ಣುಮಗಳಿಂದ ಒಂಬತ್ತು ತಿಂಗಳ ಸಹನೆಯನ್ನು ನಿರೀಕ್ಷಿಸುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.