ಊರಿನ ಹೆಸರು ಯಾರ ಸೊತ್ತು?



ಗುಳ್ಳದ ಕಾಲದಲ್ಲಿ ಉಡುಪಿಯ ತರಕಾರಿ ಮಾರುಕಟ್ಟೆಗೆ ಹೋದರೆ ತಿಳಿಹಸಿರು ಮೈಯ, ಬಿಳಿ ಗೆರೆಯ, ಗುಂಡನೆಯ ಬದನೆಕಾಯಿಯ ರಾಶಿಯನ್ನು ಕಾಣುತ್ತೀರಿ. ಅದರ ಪಕ್ಕದಲ್ಲಿಯೇ ಅದನ್ನೇ ಹೋಲುವ ಇನ್ನೊಂದು ರಾಶಿಯೂ ಇರಬಹುದು. ಬೆಲೆ ಕೇಳಿದರೆ ಬೇರೆ ಬೇರೆ. ಹೆಸರು ಕೇಳಿದರೆ ಮಾತ್ರ ಎರಡೂ 'ಮಟ್ಟು ಗುಳ್ಳ'ವೇ! ಇದರಲ್ಲಿ ಯಾವುದು ಮಟ್ಟುವಿನ ಹೊಯಿಗೆ ಮಣ್ಣಿನಲ್ಲಿ ಬೆಳೆದದ್ದು, ಯಾವುದು ಬೇರೆಲ್ಲಿಯೋ ಬೆಳೆದದ್ದು ಎಂಬುದನ್ನು ಮನೆಯ ಅಜ್ಜಿ ಮುಟ್ಟಿ ಹೇಳಿಯಾಳು. ಆದರೆ ಹತ್ತಾರು ರಾಜ್ಯಗಳಿಂದ ಮಣಿಪಾಲಕ್ಕೆ ಬಂದು ನೆಲೆಸಿರುವ ಗಿರಾಕಿಗೆ ಅದು ತಿಳಿಯದು. ಅವನು ಕೊಳ್ಳುವುದು ಹೆಸರನ್ನು ನಂಬಿ.

ಹೀಗೆ ಹೆಸರನ್ನು ನಂಬಿ ಕೊಳ್ಳುವ ವ್ಯಾಪಾರದಲ್ಲಿ ಬಹಳ ಹಿಂದಿನಿಂದ ಪಳಗಿದವರು ಇಟಲಿಯ ದ್ರಾಕ್ಷಿ ಬೆಳೆಗಾರರು. ಅವರ ಕೆಂಪು ವೈನುಗಳ ಕಥೆಯನ್ನು ಇಲ್ಲಿ ಹೇಳುವುದು ಕುಡಿತವನ್ನು ಹೊಗಳುವುದಕ್ಕಲ್ಲ. ದ್ರಾಕ್ಷಿ ನೆಡಿರೆಂದು ಸಲಹೆ ಕೊಡುವುದಕ್ಕಂತೂ ಅಲ್ಲವೇ ಅಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ದ್ರಾಕ್ಷಿ ಬಳ್ಳಿಗೆ ಬೂಜು ರೋಗವೇ ಮೊದಲ ಫಸಲು. ಊರಿನ ಹೆಸರನ್ನು ಅವರು ಹೇಗೆ ಗಳಿಸಿದರು, ಹೇಗೆ ಕಳೆದುಕೊಂಡರು, ಮತ್ತೆ ಹೇಗೆ ಸಂಪಾದಿಸಿದರು ಎಂಬ ಪಾಠ ಮಾತ್ರ ನಮಗೆ ಬೇಕಾದದ್ದು.

ತಳಿ ಊರು ಬಿಡಬಹುದು, ಹೆಸರು ಬಿಡದು

ಇಟಲಿಯ ಟಸ್ಕನಿ ಪ್ರಾಂತದಲ್ಲಿ ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವೆ ಕಿಯಾಂತಿ ಎಂಬ ಗುಡ್ಡಗಾಡು ಸೀಮೆಯಿದೆ. ಅಲ್ಲಿಯ ಮುಖ್ಯ ದ್ರಾಕ್ಷಿ ತಳಿ ಸಾಂಜೊವೆಸೆ. ಈ ತಳಿ ಈಗ ನಮ್ಮ ದೇಶಕ್ಕೂ ಬಂದಿದೆ. ಕೊಪ್ಪಳ ಜಿಲ್ಲೆಯಲ್ಲಿ ಹಂಪಿಯ ಕಡೆಯ ಗುಡ್ಡಗಳಲ್ಲಿರುವ ಕೃಷ್ಮಾ ಎಸ್ಟೇಟಿನಲ್ಲಿಯೂ, ನೆರೆಯ ಸೊಲ್ಲಾಪುರ ಜಿಲ್ಲೆಯ ಅಕ್ಲೂಜದ ಫ್ರಾಟೆಲ್ಲಿ ತೋಟಗಳಲ್ಲಿಯೂ ಅದನ್ನು ಬೆಳೆದು ಕೆಂಪು ವೈನ್ ತಯಾರಿಸುತ್ತಾರೆ. ಆದರೆ ಆ ಬಾಟಲಿಯ ಮೇಲೆ 'ಸಾಂಜೊವೆಸೆ' ಎಂದು ಬರೆಯಬಹುದೇ ಹೊರತು 'ಕಿಯಾಂತಿ' ಎಂದು ಬರೆಯುವಂತಿಲ್ಲ. ಸಾಂಜೊವೆಸೆ ಎಂಬುದು ತಳಿಯ ಹೆಸರು, ಕಿಯಾಂತಿ ಎಂಬುದು ನೆಲದ ಹೆಸರು. ಬಳ್ಳಿಯ ತುಂಡನ್ನು ಹಡಗಿನಲ್ಲಿ ಸಾಗಿಸಬಹುದು, ನೆಲವನ್ನು ಸಾಗಿಸಲಾಗದು.

ಈ ವಿಚಾರ ಇಂದು ನಿನ್ನೆಯದಲ್ಲ. 1716ರಲ್ಲಿಯೇ ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಆಜ್ಞೆ ಹೊರಡಿಸಿ ಕಿಯಾಂತಿ ಮೊದಲಾದ ನಾಲ್ಕು ಸೀಮೆಗಳ ಎಲ್ಲೆಯನ್ನು ಗುರುತಿಸಿದನು. ಎಲ್ಲೆಯ ಹೊರಗಿನ ವೈನಿಗೆ ಆ ಹೆಸರು ಸಲ್ಲದೆಂದು ವಿಧಿಸಿದನು. ಅವರಿಗೂ ಒಂದು ಐತಿಹ್ಯವಿದೆ. ಫ್ಲಾರೆನ್ಸ್ ಮತ್ತು ಸಿಯೆನಾದ ಗಡಿ ಜಗಳ ತೀರಲು, ಕೋಳಿ ಕೂಗಿದೊಡನೆ ಎರಡೂ ಕಡೆಯಿಂದ ಒಬ್ಬೊಬ್ಬ ಸವಾರ ಹೊರಟು, ಅವರು ಎದುರಾದಲ್ಲಿ ಗಡಿಯೆಂದು ಗೊತ್ತಾಯಿತಂತೆ. ಹಸಿದಿದ್ದ ಫ್ಲಾರೆನ್ಸಿನ ಕರಿ ಹುಂಜ ನಸುಕಿಗೆ ಮೊದಲೇ ಕೂಗಿತು. ಹೀಗೆ ಕಿಯಾಂತಿಯ ಬಹುಪಾಲು ಅವರದಾಯಿತು. 1924ರಲ್ಲಿ 33 ಮಂದಿ ಬೆಳೆಗಾರರು ಸೇರಿ ಸಂಘ ಕಟ್ಟಿದಾಗ ಅದೇ ಕರಿ ಹುಂಜವನ್ನು ತಮ್ಮ ಮುದ್ರೆಯಾಗಿ ಇಟ್ಟುಕೊಂಡರು.

ಮಟ್ಟುವಿಗೂ ಐತಿಹ್ಯದ ಕೊರತೆಯಿಲ್ಲ. ಸೋದೆ ಮಠದ ವಾದಿರಾಜ ಸ್ವಾಮಿಗಳು ಇಲ್ಲಿಯವರಿಗೆ ಗುಳ್ಳದ ಬೀಜ ಕೊಟ್ಟರೆಂಬ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಐತಿಹ್ಯದಿಂದ ಹೆಸರಿಗೆ ಗೌರವ ಬರುತ್ತದೆ. ಆದರೆ ಹೆಸರನ್ನು ಕಾಯುವ ಕೆಲಸವನ್ನು ಐತಿಹ್ಯ ಮಾಡಲಾರದು.

ಹೆಸರು ಹಿಗ್ಗಿದಾಗ ಏನಾಯಿತು?

ಕಿಯಾಂತಿಗೆ ಹೆಸರು ಬಂದೊಡನೆ ಸುತ್ತಣ ಸೀಮೆಗಳಿಗೂ ಅದರ ಮೇಲೆ ಆಸೆ ಹುಟ್ಟಿತು. 1932ರಲ್ಲಿ ಸರಕಾರವೇ ಎಲ್ಲೆಯನ್ನು ಹಿಗ್ಗಿಸಿತು. ಏಳು ವಿಭಾಗಗಳಾದವು; ಮೂಲದ ಗುಡ್ಡಗಳು ಆ ಏಳರಲ್ಲಿ ಒಂದಾಗಿ ಉಳಿದವು. 1967ರಲ್ಲಿ ಬಂದ ನಿಯಮದಲ್ಲಿ ಇನ್ನೊಂದು ದೋಷ ಸೇರಿತು. ಕೆಂಪು ವೈನಾದ ಕಿಯಾಂತಿಗೆ ನೂರಕ್ಕೆ 10ರಿಂದ 30 ಪಾಲು ಬಿಳಿ ದ್ರಾಕ್ಷಿಯನ್ನು ಬೆರೆಸುವುದು ಕಡ್ಡಾಯವಾಯಿತು. ಬಿಳಿ ದ್ರಾಕ್ಷಿ ಹೇರಳವಾಗಿ ಸಿಗುತ್ತಿತ್ತು. ಇಳುವರಿ ಏರಿತು, ವೈನ್ ತೆಳುವಾಯಿತು. ಹುಲ್ಲು ಹೆಣೆದ ಬುರುಡೆ ಬಾಟಲಿಯಲ್ಲಿ ಮಾರುವ ಅಗ್ಗದ ವೈನೆಂದೇ ಕಿಯಾಂತಿ ಲೋಕಕ್ಕೆ ಪರಿಚಿತವಾಯಿತು.

ಆಗ ದೊಡ್ಡ ಎಸ್ಟೇಟುಗಳು ಏನು ಮಾಡಿದವು ಎಂಬುದು ಗಮನಾರ್ಹ. 1385ರಿಂದ ವೈನ್ ಕಸುಬಿನಲ್ಲಿರುವ ಆಂಟಿನೋರಿ ಮನೆತನ 1971ರ ಫಸಲಿನಿಂದ 'ತಿನ್ಯಾನೆಲ್ಲೊ' ಎಂಬ ವೈನನ್ನು ತನ್ನ ತೋಟದ ಹೆಸರಿನಲ್ಲಿ, ಕಿಯಾಂತಿ ಎಂಬ ಹೆಸರಿಲ್ಲದೆ ಮಾರಿತು. ಕಡಲತೀರದ ಬೊಲ್ಗೆರಿಯಲ್ಲಿ ಸಾನ್ ಗ್ವಿಡೊ ಎಸ್ಟೇಟಿನ 'ಸಾಸಿಕಾಯಾ' 1968ರ ಫಸಲಿನಿಂದ ಮಾರುಕಟ್ಟೆಗೆ ಬಂದಿತು. ಕಾಯಿದೆಯ ಪ್ರಕಾರ ಇವು 'ಊಟದ ವೈನ್' ಎಂಬ ಕೆಳ ದರ್ಜೆಯವು. ಬೆಲೆಯಲ್ಲಿ ಮಾತ್ರ ಎಲ್ಲಕ್ಕಿಂತ ಮೇಲು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಊರಿನ ಹೆಸರು ಕೆಟ್ಟಾಗ ದೊಡ್ಡ ಎಸ್ಟೇಟು ಆ ಹೆಸರನ್ನು ಬಿಟ್ಟು ತನ್ನ ಮನೆತನದ ಹೆಸರಿನಿಂದ ಬದುಕಬಲ್ಲದು. ಐವತ್ತು ಸೆಂಟ್ಸ್ ಗುಳ್ಳ ಹಾಕಿದವನು, ಮನೆಯಂಗಳದಲ್ಲಿ ಮೂವತ್ತು ಮಲ್ಲಿಗೆ ಗಿಡ ಇಟ್ಟವಳು ಎಲ್ಲಿಗೆ ಹೋಗಬೇಕು? ಅವರ ಪಾಲಿಗೆ ಊರಿನ ಹೆಸರೊಂದೇ ಬಂಡವಾಳ. ಆದುದರಿಂದ ಹೆಸರನ್ನು ಕಾಯುವ ಅಗತ್ಯ ಶ್ರೀಮಂತರಿಗಿಂತ ಸಣ್ಣ ಹಿಡುವಳಿದಾರರಿಗೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

1986ರಲ್ಲಿ ಇನ್ನೂ ಘೋರವಾದುದು ನಡೆಯಿತು. ಇಟಲಿಯ ಕೆಲವು ವ್ಯಾಪಾರಿಗಳು ಅಗ್ಗದ ವೈನಿಗೆ ಕಸುವು ಬರಲೆಂದು ಮಿಥೈಲ್ ಆಲ್ಕೋಹಾಲನ್ನು ಬೆರೆಸಿದರು. ಇಪ್ಪತ್ತರಷ್ಟು ಮಂದಿ ಸತ್ತರು, ಹಲವರು ಕಣ್ಣು ಕಳೆದುಕೊಂಡರು. ತಪ್ಪು ಮಾಡಿದವರು ಬೆರಳೆಣಿಕೆಯವರು. ಆದರೆ ರಫ್ತು ಕುಸಿದಾಗ ಪ್ರಾಮಾಣಿಕ ಬೆಳೆಗಾರನ ವೈನೂ ಉಗ್ರಾಣದಲ್ಲಿಯೇ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬಿಗಿ ಮಾಡಿದವರು ಉಳಿದರು

ಇಟಲಿಯವರು ಪಾಠ ಕಲಿತರು. ಮೂಲ ಗುಡ್ಡಗಳ ಕಿಯಾಂತಿ ಕ್ಲಾಸಿಕೊ 1996ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನು ಪಡೆಯಿತು. 2006ರ ಫಸಲಿನಿಂದ ಅಲ್ಲಿ ಬಿಳಿ ದ್ರಾಕ್ಷಿ ನಿಷಿದ್ಧ. ನೂರಕ್ಕೆ 80 ಪಾಲಾದರೂ ಸಾಂಜೊವೆಸೆ ಇರಲೇಬೇಕು. ಹೆಕ್ಟೇರಿಗೆ 75 ಕ್ವಿಂಟಲಿಗಿಂತ ಹೆಚ್ಚು ದ್ರಾಕ್ಷಿ ಪಡೆಯುವಂತಿಲ್ಲ. ಅಧಿಕ ಇಳುವರಿಯ ಬಗ್ಗೆ ಸದಾ ಕೇಳುವ ನಿಮಗೆ ಇಳುವರಿಗೆ ಮೇಲ್ಮಿತಿ ಎಂಬುದು ವಿಚಿತ್ರವಾಗಿ ತೋರಬಹುದು. ಆದರೆ ಅವರು ಮಾರುವುದು ತೂಕವನ್ನಲ್ಲ, ನಂಬಿಕೆಯನ್ನು. ಉತ್ತರದ ಪಿಯೆಮೊಂತೆ ಪ್ರಾಂತದ ಬಾರೋಲೊ ವೈನನ್ನು 38 ತಿಂಗಳು ಮಾಗಿಸದೆ ಮಾರುವಂತಿಲ್ಲ. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಉನ್ನತ ದರ್ಜೆಯ ಪ್ರತಿಯೊಂದು ಬಾಟಲಿಯ ಕೊರಳಿಗೂ ಕ್ರಮಸಂಖ್ಯೆಯುಳ್ಳ ಸರಕಾರಿ ಪಟ್ಟಿ ಇರುತ್ತದೆ.

'ಅವರದು ನೂರಾರು ಎಕರೆಯ ಎಸ್ಟೇಟು, ನಮ್ಮದು ತುಂಡು ಗದ್ದೆ' ಎಂದು ನೀವು ಹೇಳಬಹುದು. ಮಾತು ನಿಜ. ಟಸ್ಕನಿಯಲ್ಲಿ ಧಣಿಗೆ ಅರ್ಧ ಪಾಲು ಕೊಡುವ ಗೇಣಿ ಪದ್ಧತಿಯಿತ್ತು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಯ ಒಕ್ಕಲುಗಳು ನಗರ ಸೇರಿದರು, ಎಸ್ಟೇಟುಗಳು ಧಣಿಗಳ ಇಲ್ಲವೆ ಹೊಸ ಶ್ರೀಮಂತರ ಕೈಯಲ್ಲಿ ಉಳಿದವು. ನಮ್ಮಲ್ಲಿ 1974ರ ಭೂಸುಧಾರಣೆಯಿಂದ ಗೇಣಿದಾರನೇ ಒಡೆಯನಾದ. ಆದುದರಿಂದ ನಮಗೆ ಹೊಂದುವ ಮಾದರಿ ಟಸ್ಕನಿಯದಲ್ಲ. ಪಿಯೆಮೊಂತೆಯ ಬಾರ್ಬರೆಸ್ಕೊ ಎಂಬ ಪುಟ್ಟ ಹಳ್ಳಿಯದು.

ಅಲ್ಲಿಯವರು ಸಣ್ಣ ಹಿಡುವಳಿದಾರರು. 1894ರಲ್ಲಿ ಆಲ್ಬಾ ಪಟ್ಟಣದ ವೈನ್ ಶಾಲೆಯ ಮುಖ್ಯಸ್ಥನಾಗಿದ್ದ ದೊಮಿಜಿಯೊ ಕವಾಜ್ಜಾ ಒಂಬತ್ತು ಮಂದಿ ಬೆಳೆಗಾರರನ್ನು ಕೂಡಿಸಿ ಸಹಕಾರಿ ವೈನ್ ಮನೆ ಕಟ್ಟಿದನು. ಅದು 1930ರ ದಶಕದಲ್ಲಿ ಮುಚ್ಚಿತು. 1958ರಲ್ಲಿ ಆ ಊರಿನ ಪಾದ್ರಿ 19 ಮಂದಿಯನ್ನು ಸೇರಿಸಿ ಅದನ್ನು ಮತ್ತೆ ಎಬ್ಬಿಸಿದರು. ಮೊದಲ ವೈನುಗಳು ತಯಾರಾದದ್ದು ಇಗರ್ಜಿಯ ನೆಲಮಾಳಿಗೆಯಲ್ಲಿ. ಸದಸ್ಯರು ತಮ್ಮ ನೆಬ್ಬಿಯೋಲೊ ದ್ರಾಕ್ಷಿಯನ್ನೆಲ್ಲ ಸಂಘಕ್ಕೇ ಕೊಡಬೇಕು. ಗುಣ ನೋಡಿ ಬೆಲೆ. ಫಸಲು ಸಾಧಾರಣವಾದ ವರ್ಷ ಒಂದೊಂದು ತೋಟದ ಹೆಸರಿನ ದುಬಾರಿ ವೈನನ್ನು ತಯಾರಿಸುವುದೇ ಇಲ್ಲ. ಎಲ್ಲವೂ ಸಾಮಾನ್ಯ ಬಾಟಲಿಗೆ ಹೋಗುತ್ತದೆ. ಆ ವರ್ಷ ಆದಾಯ ಕಡಿಮೆ, ಆದರೆ ಹೆಸರಿಗೆ ಕುಂದಿಲ್ಲ. ಇಂದು ದೊಡ್ಡ ಎಸ್ಟೇಟುಗಳ ಸಾಲಿನಲ್ಲಿ ಈ ಸಂಘದ ವೈನೂ ನಿಲ್ಲುತ್ತದೆ.

ನಮ್ಮ ಕೈಯಲ್ಲಿರುವುದೇನು?

ಉಡುಪಿ ಮಲ್ಲಿಗೆಗೆ 2008ರಲ್ಲಿ, ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಎರಡರ ತವರೂ ಕಾಪು ಸೀಮೆಯೇ. ಹೆಸರಿನ ದುರ್ಬಳಕೆಗೆ ಕಾಯಿದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದ ತನಕ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಯ ತನಕ ದಂಡವಿದೆ. ನೋಂದಣಿಯನ್ನು 10 ವರ್ಷಕ್ಕೊಮ್ಮೆ ನವೀಕರಿಸಬೇಕು. ಬೆಳೆಗಾರನು ಪ್ರತ್ಯೇಕವಾಗಿ 'ಅಧಿಕೃತ ಬಳಕೆದಾರ'ನೆಂದು ತನ್ನ ಹೆಸರು ಬರೆಸಿಕೊಳ್ಳಬೇಕು. ಇದನ್ನು ಮಾಡದವನಿಗೆ ಪ್ರಮಾಣಪತ್ರ ಗೋಡೆಗೆ ತೂಗುಹಾಕಿದ ಪಟವಿದ್ದಂತೆ.

ವೈನು ವರ್ಷಗಟ್ಟಲೆ ಇರುತ್ತದೆ; ಗುಳ್ಳ ಕೆಲವೇ ದಿನ, ಮಲ್ಲಿಗೆ ಸಂಜೆಯ ತನಕ. ಹೀಗಿರುವಾಗ ಸರಕಾರದ ಮುದ್ರೆಗೆ ಕಾದು ಕುಳಿತರೆ ನಮಗಾಗದು. ಕಾವಲು ಗದ್ದೆಯಲ್ಲಿಯೇ ಆಗಬೇಕು. ಶಂಕರಪುರದ ಮಲ್ಲಿಗೆಯವರಲ್ಲಿ ಅಂಥ ಶಿಸ್ತು ಮೊದಲಿನಿಂದಲೂ ಇದೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದೂರದ ವ್ಯಾಪಾರಿ ಹೂ ಎಣಿಸದೆ ಅಟ್ಟೆಯ ದರ ಕೊಡುವುದು ಆ ಲೆಕ್ಕದ ಮೇಲಿನ ನಂಬಿಕೆಯಿಂದ. ಒಬ್ಬರು ನೂರು ಹೂ ಕಡಿಮೆ ಕಟ್ಟಿದರೆ ಕಳ್ಳತನವಾದದ್ದು ವ್ಯಾಪಾರಿಯ ಜೇಬಿನಲ್ಲಿ ಮಾತ್ರವಲ್ಲ, ನೆರೆಮನೆಯ ಅಂಗಳದಲ್ಲಿ ಕೂಡ.

ಮಟ್ಟುವಿನ ಬೆಳೆಗಾರರ ಸಂಘ ಕಾಯಿಗೆ ಚೀಟಿ ಅಂಟಿಸುವ ಕ್ರಮ ತಂದದ್ದು ಶ್ಲಾಘನೀಯ. ಆದರೆ ಹೊರಗಿನ ನಕಲಿಯನ್ನು ದೂರುವಷ್ಟೇ ನಿಷ್ಠುರವಾಗಿ ಒಳಗಿನ ತಪ್ಪನ್ನೂ ನೋಡಬೇಕು. ಔಷಧಿ ಸಿಂಪಡಿಸಿ ನಿಗದಿತ ದಿನ ಕಳೆಯುವ ಮೊದಲೇ ಕೊಯ್ದ ಕಾಯಿ, ಬಲಿತು ಬೀಜ ಗಟ್ಟಿಯಾದ ಕಾಯಿ, ಹುಳು ಕೊರೆದ ಕಾಯಿ ಮಟ್ಟುವಿನಲ್ಲಿಯೇ ಬೆಳೆದಿದ್ದರೂ ಚೀಟಿಗೆ ಯೋಗ್ಯವಲ್ಲ. ಬೀಜದ ವಿಚಾರವೂ ಹಾಗೆಯೇ. ಬದನೆಯಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚಾದರೂ ಕೀಟಗಳಿಂದ ಪರಕೀಯ ಪರಾಗವೂ ಸೇರುತ್ತದೆ. ಬೀಜದ ಗಿಡದ ಹತ್ತಿರ ಬೇರೆ ಬದನೆ ಇದ್ದರೆ ಕೆಲವೇ ವರ್ಷಗಳಲ್ಲಿ ಗುಳ್ಳದ ಗೆರೆ, ತೊಗಟೆ, ರುಚಿ ಬದಲಾದೀತು. ಆಗ ನಕಲಿ ನಮ್ಮ ಗದ್ದೆಯಲ್ಲಿಯೇ ಹುಟ್ಟಿದಂತಾಯಿತು.

ಕಾರ್ಕಳದವರಿಗೂ ಒಂದು ಮಾತು. ಅಲ್ಲಿ 'ಕಾರ್ಲ ಕಜೆ' ಎಂಬ ಹೆಸರಿನ ಕೆಂಪು ಕುಚ್ಚಲಕ್ಕಿ ಮಾರುಕಟ್ಟೆಗೆ ಬಂದಿದೆ. ಉಡುಪಿಯಲ್ಲಿ 2021ರಲ್ಲಿ ಹಡಿಲು ಬಿದ್ದ ಗದ್ದೆಗಳನ್ನು ಉತ್ತು ಬೆಳೆದ ಅಕ್ಕಿಗೆ 'ಕೇದಾರ ಕಜೆ' ಎಂದು ಹೆಸರಿಟ್ಟರು. ಹೆಸರು ಎಳೆಯದಾಗಿರುವಾಗಲೇ ನಿಯಮ ಬರೆದಿಡಬೇಕು. ಯಾವ ತಳಿಯ ಭತ್ತ, ಯಾವ ಗ್ರಾಮಗಳ ಗದ್ದೆ, ಹೇಗೆ ಬೇಯಿಸಬೇಕು, ಎಷ್ಟು ತವುಡು ಉಳಿಸಬೇಕು? ಇದು ನಿಶ್ಚಯವಾಗದೆ ಬೇಡಿಕೆ ಏರಿದರೆ, ಹೊರಗಿನ ಭತ್ತ ನಿಮ್ಮ ಚೀಲದೊಳಗೆ ಸೇರಲು ಬಹಳ ದಿನ ಬೇಕಾಗದು. ಕಿಯಾಂತಿಯ ಬಿಳಿ ದ್ರಾಕ್ಷಿಯನ್ನು ನೆನೆಯಿರಿ.

ಆಗಬೇಕಾದ ಕೆಲಸ

ಮೊದಲನೆಯದಾಗಿ, ನಿಮ್ಮ ಹೆಸರು ಅಧಿಕೃತ ಬಳಕೆದಾರರ ಪಟ್ಟಿಯಲ್ಲಿದೆಯೇ ಎಂದು ಸಂಘದಲ್ಲಿ ವಿಚಾರಿಸಿರಿ. ಎರಡನೆಯದಾಗಿ, ಯಾವ ಕಾಯಿಯನ್ನು ತಿರಸ್ಕರಿಸಬೇಕು ಎಂಬುದನ್ನು ಸಭೆಯಲ್ಲಿ ಬರೆದು ಒಪ್ಪಿಕೊಳ್ಳಿರಿ. ಸಂಘದ ಅಧ್ಯಕ್ಷನ ಬುಟ್ಟಿಗೂ ಅದೇ ನಿಯಮವಿರಲಿ. ಮೂರನೆಯದಾಗಿ, ಶುದ್ಧ ಬೀಜದ ಗಿಡಗಳನ್ನು ಇಬ್ಬರು ಮೂವರ ಗದ್ದೆಯಲ್ಲಿ ಪ್ರತ್ಯೇಕವಾಗಿ ಕಾಯ್ದಿಡಿರಿ. ಬ್ರಹ್ಮಾವರದ ಸಂಶೋಧನಾ ಕೇಂದ್ರದ ತಜ್ಞರ ಸಲಹೆ ಪಡೆಯಿರಿ. ಕವಾಜ್ಜಾನಂತೆ ಶಾಲೆ ಬಿಟ್ಟು ಹೊಲಕ್ಕೆ ಇಳಿಯುವುದು ನಮ್ಮಂಥವರ ಕರ್ತವ್ಯವೂ ಹೌದು. ನಾಲ್ಕನೆಯದಾಗಿ, ಒಂದೊಂದು ಬುಟ್ಟಿಗೆ ಇಂತಿಷ್ಟು ಎಂದು ಸಂಘದ ನಿಧಿಗೆ ಕೂಡಿಡಿರಿ. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಪಿಗ್ಮಿ ಠೇವಣಿ ಸಂಗ್ರಹಿಸಲು ತೊಡಗಿ, ಮುಂದೆ ಮಣಿಪಾಲದಲ್ಲಿ ಬೃಹತ್ತಾಗಿ ಬೆಳೆದ ಬ್ಯಾಂಕನ್ನು ಕಂಡ ನಾಡು ಇದು. ಆ ಬ್ಯಾಂಕು 2020ರಲ್ಲಿ ಇನ್ನೊಂದರಲ್ಲಿ ವಿಲೀನವಾಯಿತು. ಅದು ಕಲಿಸಿದ ಪಾಠ ಉಳಿದಿದೆ. ನಕಲಿಯ ಮೇಲೆ ದಾವೆ ಹೂಡುವುದಕ್ಕೂ, ತಿರಸ್ಕೃತ ಕಾಯಿಯ ನಷ್ಟದಲ್ಲಿ ಪಾಲು ಭರಿಸುವುದಕ್ಕೂ ಆ ನಿಧಿ ಬೇಕು.

ಊರಿನ ಹೆಸರು ಯಾರ ಸೊತ್ತು? ಕಾಯಿದೆಯ ಪ್ರಕಾರ ಎಲ್ಲ ಬೆಳೆಗಾರರದು. ಎಲ್ಲರದಾದ ಸೊತ್ತನ್ನು ಯಾರೂ ಕಾಯದಿರುವುದು ಲೋಕರೂಢಿ. ಮುಂದಿನ ಕೊಯ್ಲಿನ ದಿನ ನಿಮ್ಮ ಬುಟ್ಟಿಯಲ್ಲಿ ಹೆಸರಿಗೆ ತಕ್ಕುದಲ್ಲದ ಕಾಯಿ ನಾಲ್ಕಾದರೂ ಇದ್ದೀತು. ಅವನ್ನು ಚೀಟಿ ಅಂಟಿಸದೆ ಬೇರೆ ಇಡಿರಿ. ಆ ದಿನ ಕೆಲವು ರೂಪಾಯಿ ಕಡಿಮೆ ಬರುತ್ತದೆ. ಆದರೆ ಊರಿನ ಹೆಸರಿನಲ್ಲಿ ನಿಮ್ಮ ಮಕ್ಕಳಿಗೆ ಸಲ್ಲಬೇಕಾದ ಪಾಲು ಹಾಗೆಯೇ ಉಳಿಯುತ್ತದೆ.